ಅಪ್ಪನ ಸೊಂಟ ಮತ್ತು 45 ಡಿಗ್ರಿ

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಕಾರಣ ಹೇಳಿದರೆ ನಗ್ತೀರಿ. ಸೊಂಟ ನೋವು! ಸಾಫ್ಟ್‌ವೇರ್ ಇಂಜಿನಿಯರುಗಳ ಕುಲರೋಗ ಇದು ಅಂತ ಗೊತ್ತಿತ್ತು, ಆದರೆ ಮೂವತ್ತು ತುಂಬೋಕೆ ಮುಂಚೆನೇ ನನ್ನ ಮನೆಗೂ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ವಿಜಯನಗರ ಮೆಟ್ರೋ ಇಳಿದು ಮಾರೇನಹಳ್ಳಿಯ ನಮ್ಮ ಮನೆಗೆ ನಡೆದುಕೊಂಡು ಬರೋಷ್ಟರಲ್ಲಿ ಎರಡು ಸಲ ಕಾಂಪೌಂಡ್ ಗೋಡೆ ಹಿಡಿದುಕೊಂಡು ನಿಲ್ಲೋ ಹಾಗಾಗಿತ್ತು. (ಮಾರೇನಹಳ್ಳಿ ಅಂದ ಕೂಡಲೇ ಜೆ.ಪಿ. ನಗರದ ಕಡೆ ಕೈ ತೋರಿಸಬೇಡಿ. ಅದು ಬೇರೆ ಮಾರೇನಹಳ್ಳಿ. ನಮ್ಮದು ಪಶ್ಚಿಮದ್ದು, ಮಾರುತಿ ಮಂದಿರದ ಕಡೆಯದ್ದು. ಆಟೋದವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.)

ಡಾಕ್ಟರ ಹತ್ತಿರ ಹೋದೆ. ಅವರು ಕಾಲು ಒಂದೊಂದಾಗಿ ಎತ್ತಿಸಿದರು, ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಜ್ವರ ಇದೆಯಾ, ತೂಕ ಇಳಿದಿದೆಯಾ, ಕಾಲು ಮರಗಟ್ಟುತ್ತಾ, ಮೂತ್ರ ಸರಿಯಾಗಿ ಹೋಗುತ್ತಾ ಅಂತ ಕೇಳಿದರು. ಎಲ್ಲದಕ್ಕೂ ಸಮಾಧಾನದ ಉತ್ತರ ಸಿಕ್ಕ ಮೇಲೆ "ಎಕ್ಸ್‌ರೇ ಬೇಡ. ಓಡಾಡ್ಕೊಂಡಿರಿ, ಆರು ವಾರ ನೋಡೋಣ" ಅಂದುಬಿಟ್ಟರು. ನಿಜ ಹೇಳ್ತೀನಿ, ನನಗೆ ಬೇಜಾರಾಯ್ತು. ಮನೆಗೆ ಬಂದರೆ ಅಮ್ಮನದ್ದೂ ಅದೇ ರಾಗ. "ಒಂದು ಎಕ್ಸ್‌ರೇನೂ ತೆಗೆಸ್ದೇ ಅದೇನ್ ನೋಡಿದ್ರಂತೋ!"

ಅಪ್ಪ ಮಾತ್ರ ಏನೂ ಹೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಬೀರುವಿನ ಮೇಲಿಂದ ಒಂದು ದೊಡ್ಡ ಕಂದು ಕವರ್ ಇಳಿಸಿದರು. ಧೂಳು ಒರೆಸಿ ನನ್ನ ಕೈಗೆ ಕೊಟ್ಟರು. ಅದರೊಳಗೆ 2008ರಲ್ಲಿ ತೆಗೆಸಿದ ಅವರ ಸೊಂಟದ ಎಕ್ಸ್‌ರೇ ಫಿಲ್ಮುಗಳಿದ್ದವು. ಆರು ವಾರ ಓಡಾಡಿಕೊಂಡಿರು ಅಂದಿದ್ದರಲ್ಲ, ನಾನು ಓಡಾಡಿದ್ದು ಆ ಫಿಲ್ಮುಗಳ ಹಿಂದೆ!

ಆ ಕತೆ ಮೊದಲು ಹೇಳಿಬಿಡ್ತೀನಿ.

ಅಪ್ಪ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದರು. ಮಾಗಡಿ ರಸ್ತೆ ದಾಟಿದರೆ ಆ ಕಡೆ ಇಂಥ ಶೆಡ್ಡುಗಳು ಸಾಲುಸಾಲು. ದಿನಾ ನಿಂತೇ ಕೆಲಸ, ಮಧ್ಯೆ ಮಧ್ಯೆ ಭಾರದ ಚಕ್ ಎತ್ತಿ ಕೂರಿಸೋದು, ಕಬ್ಬಿಣದ ರಾಡು ಹೊರೋದು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರಿಗೆ ಸೊಂಟ ಹಿಡಿಯಿತು. ಬಗ್ಗಿದರೆ ತೊಂದರೆ ಇಲ್ಲ, ಎದ್ದು ಹಿಂದಕ್ಕೆ ನೆಟ್ಟಗಾಗೋಕೆ ಹೋದರೆ ಪ್ರಾಣ ಹೋಗುತ್ತೆ ಅನ್ನೋರು. ಹತ್ತಿರದ ಒಂದು ಕಡೆ ಎಕ್ಸ್‌ರೇ ತೆಗೆಸಿದ್ದಾಯ್ತು. ಎರಡು ಫಿಲ್ಮು, ಎದುರಿನಿಂದ ಒಂದು, ಪಕ್ಕದಿಂದ ಒಂದು. ನೋಡಿದವರು "ಮೂಳೆ ಎಲ್ಲಾ ಸರಿಯಾಗಿದೆ, ಏನೂ ಇಲ್ಲ" ಅಂದರು.

ಈ "ಏನೂ ಇಲ್ಲ" ಅನ್ನೋ ಮಾತು ಮನೆಗೆ ಬಂದು ಏನು ಮಾಡಿತು ಅಂತ ಈಗ ಯೋಚನೆ ಮಾಡಿದರೆ ಕಸಿವಿಸಿಯಾಗುತ್ತೆ. ಶೆಡ್ಡಿನ ಓನರ್ ರಜೆ ಕೊಡಲಿಲ್ಲ. ಊರಿಂದ ಬಂದ ನೆಂಟರು "ಮೈಗಳ್ಳತನಕ್ಕೆ ಸೊಂಟ ಒಂದು ನೆಪ" ಅಂತ ಅಪ್ಪನ ಎದುರಿಗೇ ನಕ್ಕರು. ಅಮ್ಮನೂ ಅರ್ಧ ನಂಬಿದಳು, ಅರ್ಧ ಬಿಟ್ಟಳು. ಇನ್ನು ನಾನು... ಕಾವೇರಿ ನೀರು ಬಂದ ಒಂದು ದಿನ ಬೆಳಿಗ್ಗೆ ಅಪ್ಪ "ಮಗಾ, ಆ ಬಿಂದಿಗೆ ಸ್ವಲ್ಪ ಒಳಗಿಡು, ನನ್ ಕೈಲಿ ಆಗ್ತಿಲ್ಲ" ಅಂದಾಗ ನಾನು ಹೇಳಿದ್ದು ಇನ್ನೂ ನೆನಪಿದೆ: "ಡಾಕ್ಟ್ರೇ ಏನೂ ಇಲ್ಲ ಅಂದ್ರಲ್ಲಪ್ಪಾ!" ಹನ್ನೆರಡು ವರ್ಷದ ಹುಡುಗ. ಅಪ್ಪ ತಿರುಗಿ ಒಂದು ಮಾತೂ ಆಡದೆ ತಾವೇ ಬಿಂದಿಗೆ ಎತ್ತಿದರು.

ಎರಡು ತಿಂಗಳ ಮೇಲೆ ಅಪ್ಪನನ್ನು ಬೇರೊಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾನೂ ಹೋಗಿದ್ದೆ. ಅಲ್ಲಿನ ಡಾಕ್ಟರು ಚೀಟಿಯಲ್ಲಿ ಏನೋ ಹೆಚ್ಚಿಗೆ ಬರೆದರು. ಎಕ್ಸ್‌ರೇ ರೂಮಿನಲ್ಲಿ ವಯಸ್ಸಾದ ಒಬ್ಬ ಟೆಕ್ನಿಷಿಯನ್. ನನ್ನನ್ನು ಹೊರಗೆ ಕಳಿಸೋ ಮುಂಚೆ ಬಾಗಿಲ ಸಂದಿಯಿಂದ ಕಂಡಿದ್ದಿಷ್ಟು. ಅವರು ಅಪ್ಪನನ್ನು ಟೇಬಲ್ ಮೇಲೆ ಮಲಗಿಸಿ, ಒಂದು ಪಕ್ಕ ಅರ್ಧಕ್ಕೆ ಎತ್ತಿ, ಬೆನ್ನ ಕೆಳಗೆ ತ್ರಿಕೋನಾಕಾರದ ಸ್ಪಂಜು ತುರುಕಿದರು. ಸೊಂಟದ ಮೂಳೆಯನ್ನು ಬೆರಳಲ್ಲಿ ಒತ್ತಿ ಹುಡುಕಿದರು. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ಮತ್ತೆ ಬಂದು ಅಪ್ಪನ ಭುಜವನ್ನು ಒಂಚೂರು ಸರಿಸಿದರು. ಆಮೇಲೆ ಬಾಗಿಲು ಮುಚ್ಚಿತು. ಒಳಗಿಂದ "ಉಸಿರು ಪೂರ್ತಿ ಬಿಡಿ... ಹಾಗೇ ಇರಿ..." ಅನ್ನೋ ದನಿ, ಗುಂಯ್ ಅಂತ ಒಂದು ಸದ್ದು, ಕಟಕ್.

ವಾಪಸ್ ಬರುವಾಗ ಅಪ್ಪ ಹೇಳಿದ್ದು ಒಂದೇ ಮಾತು. "ಆ ಮನುಷ್ಯ ಸೆಟ್ಟಿಂಗ್ ಚೆನ್ನಾಗಿ ಮಾಡ್ದ." ಲೇತ್ ಕೆಲಸದವರಿಗೆ ಗೊತ್ತಿರುತ್ತೆ, ಜಾಬನ್ನು ಚಕ್‌ನಲ್ಲಿ ಸರಿಯಾಗಿ ಕೂರಿಸೋದೇ ಸೆಟ್ಟಿಂಗ್. ಅದು ತಪ್ಪಿದರೆ ಮಿಕ್ಕಿದ್ದೆಲ್ಲಾ ವೇಸ್ಟು.

ಆ ಓರೆ ಫಿಲ್ಮಿನಲ್ಲಿ ಸಿಕ್ಕಿತು! ಐದನೇ ಸೊಂಟದ ಮಣಿಯಲ್ಲಿ ಒಂದು ಸಣ್ಣ ಬಿರುಕು. ಮೊದಲಿನ ಎರಡು ಫಿಲ್ಮುಗಳಲ್ಲಿ ಕಾಣದೇ ಇದ್ದದ್ದು.

ಅದೇ ಮೂಳೆ, ಅದೇ ಬಿರುಕು, ಹೆಚ್ಚುಕಮ್ಮಿ ಅದೇ ಥರದ ಯಂತ್ರ. ಬೇರೆಯಾಗಿದ್ದು ಮನುಷ್ಯನನ್ನು ಮಲಗಿಸಿದ ಕೋನ ಮಾತ್ರ. ಈ ಕೋನವನ್ನು ಯಾರು ಕಂಡುಹಿಡಿದರು, ಯಾಕೆ ಅಂತ ಇಷ್ಟು ವರ್ಷ ನಾನು ಕೇಳಿಕೊಂಡೇ ಇರಲಿಲ್ಲ. ಈ ಸಲ ಹಾಸಿಗೆಯಲ್ಲಿ ಬಿದ್ದುಕೊಂಡು ಓದಿದೆ. ಪಿಯುಸಿಯಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಈಗ ಎಕ್ಸ್‌ರೇ ಟೆಕ್ನಿಷಿಯನ್, ಅವನ ಪುಸ್ತಕಗಳನ್ನು ಇಸಕೊಂಡು ಬಂದೆ, ಅವನ ತಲೆಯನ್ನೂ ತಿಂದೆ.

ನೆರಳಿನ ಸಮಸ್ಯೆ

ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಗಮನಿಸಿದ್ದು 1895ರ ನವೆಂಬರ್ 8ರಂದು. ಅದೇ ಡಿಸೆಂಬರ್ 22ಕ್ಕೆ ಹೆಂಡತಿಯ ಕೈಯ ಚಿತ್ರ ತೆಗೆದ. ಆ ಉಂಗುರದ ಕೈಯನ್ನು ನಾವೆಲ್ಲಾ ಪಠ್ಯಪುಸ್ತಕದಲ್ಲಿ ನೋಡಿದ್ದೀವಿ. ಕೈ ತೆಳ್ಳಗೆ, ಚಪ್ಪಟೆ, ತಟ್ಟೆಯ ಮೇಲೆ ಇಟ್ಟರೆ ಮುಗೀತು. ಹಾಗಿದ್ದೂ ಅವತ್ತು ಅದಕ್ಕೆ ಸುಮಾರು 15 ನಿಮಿಷ ಕಿರಣ ಬಿಡಬೇಕಾಯ್ತಂತೆ.

ಸೊಂಟ ಹಾಗಲ್ಲ. ದೇಹದಲ್ಲಿ ಎಕ್ಸ್‌ರೇಗೆ ಬಹಳ ಕಷ್ಟ ಕೊಡೋ ಜಾಗಗಳಲ್ಲಿ ಇದೂ ಒಂದು. ಮುಂದೆ ಹೊಟ್ಟೆ, ಕರುಳು, ಗಾಳಿ. ಎರಡೂ ಪಕ್ಕ ಸೊಂಟದ ಅಗಲವಾದ ಮೂಳೆಗಳು. ಪಕ್ಕದಿಂದ ನೋಡಿದರೆ ಕಿರಣ ಮೂವತ್ತು ಸೆಂಟಿಮೀಟರಿಗೂ ಹೆಚ್ಚು ಮಾಂಸ-ಮೂಳೆ ದಾಟಿಕೊಂಡು ಬರಬೇಕು.

ನಮ್ಮ ದೇಶದಲ್ಲಿ ಬಹಳ ಮೊದಲೇ ಎಕ್ಸ್‌ರೇ ಯಂತ್ರ ಕಟ್ಟಿಕೊಂಡವರಲ್ಲಿ ಜಗದೀಶ ಚಂದ್ರ ಬೋಸ್ ಒಬ್ಬರು, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. 1890ರ ದಶಕದ ಕೊನೆಯಲ್ಲಿ ಅವರು ರವೀಂದ್ರನಾಥ ಠಾಕೂರರಿಗೆ ಬರೆದ ಒಂದು ಪತ್ರವಿದೆ. ಬೆನ್ನು ಮುರಿದುಕೊಂಡ ರೋಗಿಯೊಬ್ಬನನ್ನು ರಾಂಟ್‌ಜೆನ್ ಯಂತ್ರದಲ್ಲಿ ನೋಡಬೇಕಾಗಿದೆ, ಡಾಕ್ಟರ್ ನೀಲರತನ ಸರ್ಕಾರರ ಮಾತು ತೆಗೆದುಹಾಕಲಾಗಲಿಲ್ಲ ಅನ್ನೋ ಅರ್ಥದ ಮಾತು ಅದರಲ್ಲಿ ಬರುತ್ತೆ. ಓದಿದಾಗ ರೋಮಾಂಚನವಾಯ್ತು. ನಮ್ಮ ನೆಲದ ಮೊದಮೊದಲ ಎಕ್ಸ್‌ರೇ ರೋಗಿಗಳಲ್ಲೇ ಒಬ್ಬ ಬೆನ್ನು ಹಿಡಿದುಕೊಂಡು ಬಂದವನು! ಆ ಕಾಲದ ಯಂತ್ರದಲ್ಲಿ ಬೆನ್ನು ಅಂದರೆ ಎಂಥಾ ಸಾಹಸ ಅಂತ ಊಹಿಸಿ.

ದಪ್ಪ ದೇಹದಲ್ಲಿ ಕಿರಣಗಳು ಎಲ್ಲೆಂದರಲ್ಲಿ ಚದುರಿಹೋಗುತ್ತವೆ. ಚದುರಿದ ಕಿರಣ ಫಿಲ್ಮಿಗೆ ಬಿದ್ದು ಚಿತ್ರ ಮಂಜು ಮಂಜಾಗುತ್ತೆ. ಇದಕ್ಕೆ 1913ರಲ್ಲಿ ಬರ್ಲಿನ್ನಿನ ಗುಸ್ತಾವ್ ಬಕಿ ಒಂದು ಜಾಲರಿ ಮಾಡಿದ. ಸೀಸದ ಪಟ್ಟಿಗಳನ್ನು ಕಿಟಕಿಯ ಲೂವರ್ ಥರ ಜೋಡಿಸಿದರೆ ನೇರ ಬಂದ ಕಿರಣ ಒಳಗೆ ಹೋಗುತ್ತೆ, ಓರೆಯಾಗಿ ಬಂದದ್ದು ಪಟ್ಟಿಗೆ ಬಡಿದು ನಿಲ್ಲುತ್ತೆ. ಆದರೆ ಪಟ್ಟಿಯ ಗೆರೆಗಳೇ ಚಿತ್ರದಲ್ಲಿ ಕಾಣುತ್ತಿದ್ದವು. ಷಿಕಾಗೋದ ಹಾಲಿಸ್ ಪಾಟರ್ 1920ರ ಆಸುಪಾಸಿನಲ್ಲಿ ಎಕ್ಸ್‌ರೇ ತೆಗೆಯುವಾಗಲೇ ಜಾಲರಿ ಸರಿಯೋ ಹಾಗೆ ಮಾಡಿದ ಮೇಲೆ ಆ ಗೆರೆಗಳು ಮಾಯವಾದವು. ಇವತ್ತಿಗೂ ಎಕ್ಸ್‌ರೇ ರೂಮುಗಳಲ್ಲಿ ಟೇಬಲಿನ ಆ ಭಾಗಕ್ಕೆ "ಬಕಿ" ಅಂತಲೇ ಹೆಸರು. ಮನುಷ್ಯ ಹೋದರೂ ಹೆಸರು ಉಳೀತು.

ಇಷ್ಟಾದರೂ ಅಸಲಿ ಸಮಸ್ಯೆ ಹಾಗೇ ಇತ್ತು. ಎಕ್ಸ್‌ರೇ ಅಂದರೆ ನೆರಳು. ಮೂರು ಆಯಾಮದ ವಸ್ತು ಒಂದು ಹಾಳೆಯ ಮೇಲೆ ಬಿದ್ದಾಗ ಮುಂದಿನದು, ಹಿಂದಿನದು ಎಲ್ಲಾ ಒಂದರ ಮೇಲೊಂದು. ಹೂವಿನ ಕುಂಡವನ್ನು ದೀಪದ ಮುಂದೆ ಹಿಡಿದರೆ ಗೋಡೆ ಮೇಲೆ ಎಲೆ ಯಾವುದು, ಕಡ್ಡಿ ಯಾವುದು ಗೊತ್ತಾಗೋದಿಲ್ಲ. ಕುಂಡ ತಿರುಗಿಸಬೇಕು. ಯಾವುದೋ ಒಂದು ಕೋನದಲ್ಲಿ ತಟಕ್ಕನೆ ಎಲೆಯ ಆಕಾರ ಬಿಡಿಯಾಗಿ ಕಾಣುತ್ತೆ. ಎಕ್ಸ್‌ರೇಗೆ ಮನುಷ್ಯನನ್ನು ಮಲಗಿಸೋ ವಿದ್ಯೆಯೆಲ್ಲಾ ಇಷ್ಟೇ. ಕುಂಡವನ್ನು ಎಷ್ಟು ತಿರುಗಿಸಬೇಕು?

ಮಲಗಿಸೋ ವಿದ್ಯೆ

ಸೊಂಟದ ಎಕ್ಸ್‌ರೇ ತೆಗೆಸಿಕೊಂಡವರಿಗೆ ನೆನಪಿರಬಹುದು. ಅಂಗಾತ ಮಲಗಿಸಿ "ಮಂಡಿ ಮಡಚಿ, ಪಾದ ಟೇಬಲ್ ಮೇಲಿಡಿ" ಅಂತಾರೆ. ನಾನು ಇದು ನಮ್ಮ ಆರಾಮಕ್ಕೆ ಅಂದುಕೊಂಡಿದ್ದೆ. ಅಲ್ವಂತೆ! ನಮ್ಮ ಸೊಂಟದ ಹತ್ತಿರ ಬೆನ್ನುಮೂಳೆ ಮುಂದಕ್ಕೆ ಬಿಲ್ಲಿನ ಹಾಗೆ ಬಾಗಿದೆ. ಕಾಲು ಚಾಚಿ ಮಲಗಿದರೆ ಆ ಬಿಲ್ಲು ಇನ್ನೂ ಬಾಗುತ್ತೆ, ಟೇಬಲ್ಲಿಗೂ ಸೊಂಟಕ್ಕೂ ನಡುವೆ ಕೈ ತೂರುವಷ್ಟು ಸಂದಿ. (ಈಗಲೇ ಮಲಗಿ ನೋಡಿ, ಆಮೇಲೆ ಮುಂದೆ ಓದಿ!) ಮಂಡಿ ಮಡಚಿದರೆ ಬೆನ್ನು ಟೇಬಲ್ಲಿಗೆ ಅಂಟುತ್ತೆ. ಆಗ ಮಣಿಗಳ ನಡುವಿನ ಸಂದುಗಳು ಕಿರಣದ ದಾರಿಗೆ ಸರಿಯಾಗಿ ಬಂದು ತೆರೆದುಕೊಳ್ಳುತ್ತವೆ. ಜೊತೆಗೆ ಮೂಳೆ ಫಿಲ್ಮಿಗೆ ಹತ್ತಿರವಾಗುತ್ತೆ, ನೆರಳು ಚೊಕ್ಕವಾಗುತ್ತೆ.

ಕಿರಣದ ಗುರಿ ಎಲ್ಲಿಗೆ? ಒಳಗಿನ ಮಣಿ ಹೊರಗೆ ಕಾಣೋದಿಲ್ಲವಲ್ಲ. ಅದಕ್ಕೇ ಆ ಬೆರಳು ಒತ್ತೋದು. ಎರಡೂ ಪಕ್ಕದ ಸೊಂಟದ ಮೂಳೆಯ ಏಣುಗಳನ್ನು ಒಂದು ಗೆರೆಯಲ್ಲಿ ಸೇರಿಸಿದರೆ ಅದು ಹೆಚ್ಚುಕಮ್ಮಿ ನಾಲ್ಕನೇ ಮತ್ತು ಐದನೇ ಸೊಂಟದ ಮಣಿಗಳ ನಡುವೆ ಹಾದುಹೋಗುತ್ತೆ. ಫ್ರೆಂಚ್ ಸರ್ಜನ್ ತ್ಯೂಫಿಯೇ ಹೆಸರಲ್ಲಿ ಅದಕ್ಕೆ ತ್ಯೂಫಿಯೇ ಗೆರೆ ಅಂತಾರೆ. ಬೆನ್ನಿಗೆ ಅರಿವಳಿಕೆ ಸೂಜಿ ಹಾಕುವವರೂ ಇದನ್ನೇ ಹಿಡಿದು ಲೆಕ್ಕ ಹಾಕೋದು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಒಳಗಿನ ವಿಳಾಸಕ್ಕೆ ಹೊರಗಿನ ಪಾಯಿಂಟರ್ :)

ಪಕ್ಕದಿಂದ ತೆಗೆಯುವಾಗ ಇನ್ನೊಂದು ಪೇಚು. ಒಂದು ಮಗ್ಗುಲಾಗಿ ಮಲಗಿದರೆ ಸೊಂಟ ಅಗಲ, ನಡು ಸಣ್ಣ. ಬೆನ್ನುಮೂಳೆ ನಡುವಿನಲ್ಲಿ ಟೇಬಲ್ ಕಡೆಗೆ ಜೋತುಬೀಳುತ್ತೆ. ನಡುವಿನ ಕೆಳಗೆ ಸ್ಪಂಜಿಟ್ಟು ಅದನ್ನು ಮಟ್ಟ ಮಾಡಬೇಕು. ಹಾಗೆ ಮಾಡಲಾಗದಿದ್ದರೆ ಟ್ಯೂಬನ್ನೇ ಕಾಲಿನ ಕಡೆಗೆ 5ರಿಂದ 8 ಡಿಗ್ರಿ ಬಾಗಿಸಬೇಕು. ಹೆಂಗಸರ ಸೊಂಟ ಅಗಲವಾದ್ದರಿಂದ ಅವರಿಗೆ ಹೆಚ್ಚು, ಗಂಡಸರಿಗೆ ಕಮ್ಮಿ.

ಎಲ್ಲಕ್ಕಿಂತ ಮೊಂಡು ಜಾಗ ತೀರಾ ಕೆಳಗಿನದು. ಐದನೇ ಸೊಂಟದ ಮಣಿ ಅದರ ಕೆಳಗಿನ ತ್ರಿಕಾಸ್ಥಿಯ ಮೇಲೆ ಕೂತಿರೋ ಜಾಗ. ತ್ರಿಕಾಸ್ಥಿಯ ಮೇಲ್ಭಾಗ ಮಟ್ಟವಾಗಿಲ್ಲ, ಮುಂದಕ್ಕೆ ಇಳಿಜಾರು. ಇಡೀ ಮೈ ಭಾರ ಹೊತ್ತ ಮಣಿ ಜಾರುಬಂಡೆಯ ಮೇಲೆ ಕೂತ ಹಾಗೆ. ನೇರ ಮೇಲಿಂದ ಕಿರಣ ಬಿಟ್ಟರೆ ಅಲ್ಲಿನ ಸಂದು ಕಾಣೋದೇ ಇಲ್ಲ, ಮೂಳೆ ಮೇಲೆ ಮೂಳೆ. ನ್ಯೂಯಾರ್ಕಿನಲ್ಲಿ ಮೂಳೆಗಳ ಎಕ್ಸ್‌ರೇ ತಜ್ಞನಾಗಿದ್ದ ಆಲ್ಬರ್ಟ್ ಫರ್ಗುಸನ್ 1930ರ ದಶಕದಲ್ಲಿ ಈ ಇಳಿಜಾರಿನ ಮೇಲೆ ಕೆಲಸ ಮಾಡಿದ. ಇಳಿಜಾರು ಎಷ್ಟಿದೆಯೋ ಅಷ್ಟು ಟ್ಯೂಬನ್ನು ತಲೆಯ ಕಡೆಗೆ ಬಾಗಿಸಿದರೆ ಕಿರಣ ಸಂದಿನೊಳಗೇ ನುಗ್ಗುತ್ತೆ. ಗಂಡಸರಿಗೆ ಸುಮಾರು 30 ಡಿಗ್ರಿ, ಹೆಂಗಸರಿಗೆ 35. ಈಗಲೂ ಅದಕ್ಕೆ ಫರ್ಗುಸನ್ ವ್ಯೂ ಅಂತಲೇ ಹೆಸರು.

ಇಂಥ ಕೋನಗಳೆಲ್ಲಾ ಅಲ್ಲೊಂದು ಇಲ್ಲೊಂದು ಲೇಖನಗಳಲ್ಲಿ ಚದುರಿಹೋಗಿದ್ದವು. 1939ರಲ್ಲಿ ಲಂಡನ್ನಿನ ಕ್ಯಾಥಲೀನ್ ಕ್ಲಾರ್ಕ್ ಎಂಬಾಕೆ ಮಲಗಿಸುವ ಕ್ರಮಗಳನ್ನೆಲ್ಲಾ ಒಟ್ಟುಮಾಡಿ ದಪ್ಪ ಪುಸ್ತಕ ತಂದಳು. ಆಕೆ ಡಾಕ್ಟರಲ್ಲ, ರೇಡಿಯೋಗ್ರಾಫರ್. ಮನುಷ್ಯ ಹೇಗೆ ಮಲಗಬೇಕು ಅನ್ನೋ ಫೋಟೋ, ಅದರ ಜೊತೆಗೇ ಬರಬೇಕಾದ ಎಕ್ಸ್‌ರೇ. ಅಮೆರಿಕದಲ್ಲಿ ವಿನಿಟಾ ಮೆರಿಲ್ ಇಂಥದೇ ಪುಸ್ತಕವನ್ನು 1949ರಲ್ಲಿ ಹೊರತಂದಳು. ಇಬ್ಬರ ಪುಸ್ತಕಗಳೂ ಪರಿಷ್ಕಾರವಾಗುತ್ತಾ ಇವತ್ತಿಗೂ ಬರುತ್ತಿವೆ. ನನ್ನ ಗೆಳೆಯ ಓದಿದ್ದೂ ಕ್ಲಾರ್ಕ್ ಪುಸ್ತಕವನ್ನೇ. ಮೊದಲೆರಡು ಫಿಲ್ಮು ನೋಡಿ "ಏನೂ ಇಲ್ಲ" ಅಂದವರೂ ಡಾಕ್ಟರೇ, ಓರೆ ಫಿಲ್ಮು ಬರೆದವರೂ ಡಾಕ್ಟರೇ. ಆದರೆ ಆ ಬಿರುಕು ಫಿಲ್ಮಿಗೆ ಬೀಳೋ ಹಾಗೆ ಮಾಡಿದ್ದು ಸ್ಪಂಜು ಹಿಡಿದಿದ್ದ ಆ ಹಿರಿಯರ ಕೈ. ರಿಪೋರ್ಟಿನಲ್ಲಿ ಅವರ ಹೆಸರೇ ಇಲ್ಲ!

ನಾಯಿಯ ಕತ್ತು

ಈಗ ಅಪ್ಪನ 45 ಡಿಗ್ರಿಗೆ ಬರೋಣ.

ನಮ್ಮ ಪ್ರತಿ ಬೆನ್ನುಮಣಿಯ ಹಿಂದೆ ಒಂದು ಕಮಾನಿದೆ. ಅದರಲ್ಲಿ ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ ಒಂದು ಸಣ್ಣ ಮೂಳೆಯ ಸೇತುವೆ. ಎದುರಿನಿಂದ ತೆಗೆದರೆ ಅದರ ಮೇಲೆ ಬೇರೆ ನೆರಳು, ಪಕ್ಕದಿಂದ ತೆಗೆದರೆ ಎಡದ್ದೂ ಬಲದ್ದೂ ಒಂದರ ಮೇಲೊಂದು. ದೇಹವನ್ನು ಸುಮಾರು 45 ಡಿಗ್ರಿ ಹೊರಳಿಸಿದಾಗ ಮಾತ್ರ ಒಂದು ಪಕ್ಕದ ಸೇತುವೆ ಬಿಡಿಯಾಗಿ ಕಾಣುತ್ತೆ. (ತೀರಾ ಕೆಳಗಿನ ಮಣಿಗೆ 30 ಡಿಗ್ರಿ ಸಾಕು ಅಂತಾನೆ ನನ್ನ ಗೆಳೆಯ.)

ಹಾಗೆ ತೆಗೆದ ಫಿಲ್ಮಿನಲ್ಲಿ ಒಂದು ಮಜಾ ಇದೆ. ಪ್ರತಿ ಮಣಿಯಲ್ಲೂ ಒಂದೊಂದು ನಾಯಿ! ಸ್ಕಾಟ್ಲೆಂಡಿನ ಗಿಡ್ಡ ಕಾಲಿನ ಟೆರಿಯರ್ ನಾಯಿ. ಪಕ್ಕಕ್ಕೆ ಚಾಚಿದ ಮೂಳೆ ಅದರ ಮೂಗು, ಕಮಾನಿನ ಬುಡ ಕಣ್ಣು, ಮೇಲಿನ ಕೀಲು ಕಿವಿ, ಕೆಳಗಿನ ಕೀಲು ಮುಂಗಾಲು. ನಾನು ಹೇಳಿದ ಸೇತುವೆ ಅದರ ಕತ್ತು. ಕತ್ತಿನಲ್ಲಿ ಪಟ್ಟಿ ಕಟ್ಟಿದ ಹಾಗೆ ಕಪ್ಪು ಗೆರೆ ಕಂಡರೆ ಅಲ್ಲಿ ಮೂಳೆ ಬಿಟ್ಟಿದೆ ಅಂತ ಅರ್ಥ. ವೈದ್ಯಕೀಯ ವಿದ್ಯಾರ್ಥಿಗಳು ಪ್ರಪಂಚದಲ್ಲೆಲ್ಲಾ ಹೀಗೇ ಕಲಿಯೋದು. ಮೊನ್ನೆ ಕಿಟಕಿಗೆ ಫಿಲ್ಮು ಹಿಡಿದು ಅಪ್ಪನಿಗೆ ತೋರಿಸಿದೆ. ಮೊದಲು ನಂಬಲಿಲ್ಲ, ಆಮೇಲೆ "ಅಯ್ಯೋ ಹೌದಲ್ಲೋ! ಹದಿನೇಳು ವರ್ಷ ನಾಯಿ ಸಾಕಿದೀನಿ, ನಂಗೇ ಗೊತ್ತಿಲ್ಲ" ಅಂತ ನಕ್ಕರು.

ಆ ಸೇತುವೆ ಎರಡೂ ಪಕ್ಕ ಮುರಿದರೆ ಮೇಲಿನ ಮಣಿ ಇಳಿಜಾರಿನಲ್ಲಿ ಮುಂದಕ್ಕೆ ಜಾರಬಹುದು. ಈ ಜಾರುವಿಕೆ ಎಕ್ಸ್‌ರೇಗಿಂತ ನೂರು ವರ್ಷ ಮೊದಲೇ ವೈದ್ಯರ ಕೈಗೆ ಸಿಕ್ಕಿತ್ತು. 1782ರಲ್ಲಿ ಬೆಲ್ಜಿಯಂನ ಹೆರಿಗೆ ವೈದ್ಯ ಎರ್ಬಿನಿಯೋ, ಮಗು ಹೊರಬರೋಕೆ ಅಡ್ಡವಾಗಿ ಬಸುರಿಯ ಸೊಂಟದೊಳಗೆ ಮೂಳೆ ಉಬ್ಬಿರೋದನ್ನು ಬರೆದಿಟ್ಟ. 1854ರಲ್ಲಿ ಜರ್ಮನಿಯ ಕಿಲಿಯನ್ ಅದಕ್ಕೆ "ಮಣಿ ಜಾರುವಿಕೆ" ಅನ್ನೋ ಅರ್ಥದ ಗ್ರೀಕ್ ಹೆಸರಿಟ್ಟ, ಸ್ಪಾಂಡಿಲೋಲಿಸ್ತೆಸಿಸ್ ಅಂತ. 1932ರಲ್ಲಿ ಅಮೆರಿಕದ ಮೆಯರ್ಡಿಂಗ್ ಪಕ್ಕದ ಎಕ್ಸ್‌ರೇ ನೋಡಿ ಎಷ್ಟು ಕಾಲುಭಾಗ ಜಾರಿದೆ ಅಂತ ಒಂದರಿಂದ ನಾಲ್ಕರವರೆಗೆ ದರ್ಜೆ ಮಾಡಿದ. ಅಪ್ಪನದ್ದು ಜಾರಿರಲಿಲ್ಲ. ಜಾರಿದ್ದಿದ್ದರೆ ಮೊದಲನೇ ದಿನದ ಪಕ್ಕದ ಫಿಲ್ಮಿನಲ್ಲೇ ಕಾಣುತ್ತಿತ್ತು.

ನೆರಳು ನೋಡಿ ನೋವನ್ನು ಅರ್ಥ ಮಾಡಿಕೊಳ್ಳೋ ಪ್ರಯತ್ನ ನಮ್ಮ ರಾಜ್ಯದಲ್ಲೇ ಒಂದು ಇಡೀ ಊರಿನ ಮಟ್ಟದಲ್ಲಿ ನಡೆದಿದೆ. ಸಾಗರ ತಾಲೂಕಿನ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ, ಬೆನ್ನು ಹಿಡಿದು ನಡೆಯಲಾಗದೆ ಹೋಗುವ ಕಾಯಿಲೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಅನ್ನೋ ಅನುಮಾನ ಬಹಳ ಕಾಲ ಓಡಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ರಮೇಶ್ ಭಟ್ 1978ರಲ್ಲಿ ಇದರ ಬಗ್ಗೆ ಅಧ್ಯಯನ ಪ್ರಕಟಿಸಿದರು. 1990ರ ದಶಕದಲ್ಲಿ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ರೋಗಿಗಳ ಎಕ್ಸ್‌ರೇಗಳನ್ನು ಕೂಲಂಕಷವಾಗಿ ನೋಡಿ, ಇದು ಬೆನ್ನುಮಣಿ ಮತ್ತು ಉದ್ದ ಮೂಳೆಗಳ ತುದಿ ಸರಿಯಾಗಿ ಬೆಳೆಯದ, ವಂಶದಲ್ಲಿ ಹರಿದು ಬರುವ ಕಾಯಿಲೆ ಅಂದರು. ಚಿತ್ರ ಕಾಯಿಲೆಗೆ ಹೆಸರು ಕೊಟ್ಟಿತು. ಹೆಸರು ಸಿಕ್ಕ ಮಾತ್ರಕ್ಕೆ ಯಾರೂ ಎದ್ದು ನಡೆಯಲಿಲ್ಲ. ಸೊಂಟ, ಮಂಡಿ ಎರಡೂ ನೆಟ್ಟಗಾಗದವರನ್ನು ಪುಸ್ತಕದ ಯಾವ ಭಂಗಿಯಲ್ಲಿ ಮಲಗಿಸೋದು ಅಂತಲೂ ಯೋಚನೆ ಬಂತು ನನಗೆ.

ಕುಂಡದ ಬದಲು ದೀಪ

ಇಷ್ಟು ಓದುವಾಗ ನನಗೆ ಇಂಜಿನಿಯರಿಂಗಿನ ಕೊನೆಯ ವರ್ಷದ ಇಮೇಜ್ ಪ್ರೋಸೆಸಿಂಗ್ ಲ್ಯಾಬ್ ನೆನಪಾಯ್ತು. ಮ್ಯಾಟ್‌ಲ್ಯಾಬ್‌ನಲ್ಲಿ ಹಲವು ಕೋನದ ನೆರಳುಗಳಿಂದ ಮೂಲ ಚಿತ್ರ ಕಟ್ಟುವ ಒಂದು ಫಂಕ್ಷನ್ ಇದೆ. ಅದರಲ್ಲಿ ನಾವು ಏನೂ ಹೇಳದಿದ್ದರೆ ತಾನಾಗಿಯೇ ತೆಗೆದುಕೊಳ್ಳೋ ಫಿಲ್ಟರಿನ ಹೆಸರು "ರಾಮ್-ಲ್ಯಾಕ್". ಲ್ಯಾಕ್ ಅಂದರೆ ಅರಗು ಇರಬೇಕು ಅಂತ ವೈವಾದಲ್ಲಿ ಹೇಳಿ ಉಗಿಸಿಕೊಂಡವನು ನಾನು :) ಅದು ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್!

ಜಿ.ಎನ್. ರಾಮಚಂದ್ರನ್. 1942ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದೋಕೆ ಬಂದು, ಭೌತಶಾಸ್ತ್ರಕ್ಕೆ ಹಾರಿ, ಸಿ.ವಿ. ರಾಮನ್ನರ ಶಿಷ್ಯರಾದವರು. ಮದ್ರಾಸಿನಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆ ಹೇಳಿದವರು. (ಆ ಕೊಲಾಜೆನ್ ನಮ್ಮ ಬೆನ್ನಿನ ಡಿಸ್ಕಿನಲ್ಲೂ ಇದೆ!) 1970ರ ಹೊತ್ತಿಗೆ ಮತ್ತೆ ಬೆಂಗಳೂರಿಗೆ ಬಂದು ಇನ್‌ಸ್ಟಿಟ್ಯೂಟಿನಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. 1971ರಲ್ಲಿ ಅವರೂ ಎ.ವಿ. ಲಕ್ಷ್ಮೀನಾರಾಯಣನ್ ಅವರೂ ಒಂದು ಲೇಖನ ಪ್ರಕಟಿಸಿದರು. ಹಲವು ಕೋನಗಳ ಎಕ್ಸ್‌ರೇ ನೆರಳುಗಳಿಂದ ಒಳಗಿನ ಆಕಾರವನ್ನು ಲೆಕ್ಕದಲ್ಲಿ ಕಟ್ಟೋದು ಹೇಗೆ ಅಂತ.

ಸುಮ್ಮನೆ ಪ್ರತಿ ನೆರಳನ್ನೂ ಅದು ಬಂದ ದಿಕ್ಕಿನಲ್ಲಿ ವಾಪಸ್ ಎಳೆದು ಒಂದರ ಮೇಲೊಂದು ಬಳಿದರೆ ಚಿತ್ರ ಬರುತ್ತೆ, ಆದರೆ ಪ್ರತಿ ಚುಕ್ಕಿಯ ಸುತ್ತ ಮಬ್ಬು. ಬಳಿಯೋ ಮುಂಚೆಯೇ ಪ್ರತಿ ನೆರಳಿನಲ್ಲಿ ಒಂದೊಂದು ಚುಕ್ಕಿಯ ಅಕ್ಕಪಕ್ಕದಿಂದ ಲೆಕ್ಕ ಹಾಕಿದಷ್ಟು ಕಳೆದುಬಿಟ್ಟರೆ ಮಬ್ಬುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಅಂದಿನ ಕಂಪ್ಯೂಟರುಗಳಿಗೆ ಭಾರವಾಗಿದ್ದ ಫೋರಿಯರ್ ಲೆಕ್ಕದ ಬದಲು ಇದು ಬರೀ ಕೂಡೋದು, ಗುಣಿಸೋದು. ರೇಡಿಯೋ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥ ದಾರಿಗೆ ಬಂದಿದ್ದರು. ಎಕ್ಸ್‌ರೇ ಚಿತ್ರಗಳಿಗೆ ಇದನ್ನು ಹಚ್ಚಿ ತೋರಿಸಿದ್ದು ಇವರು. ಅದೇ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ಆಯ್ತು. ಆ ಮೊದಲ ಯಂತ್ರದ ಲೆಕ್ಕ ಬೇರೆ ರೀತಿಯದು. ಮುಂದೆ ಬಂದ ಸಿ.ಟಿ. ಯಂತ್ರಗಳು ಹಿಡಿದದ್ದು ಈ ನಮೂನೆಯ ದಾರಿಯನ್ನೇ. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್‌ಗೆ ಬಂತು.

ಅಂದರೆ ಮಾರೇನಹಳ್ಳಿಯಿಂದ ಹತ್ತು ಕಿಲೋಮೀಟರೂ ಇಲ್ಲದ ಜಾಗದಲ್ಲಿ ಕೂತು ಮಾಡಿದ ಲೆಕ್ಕವೊಂದು, ಕೋನ ಹುಡುಕೋ ಕೆಲಸವನ್ನು ಟೇಬಲಿನಿಂದ ಕಂಪ್ಯೂಟರಿಗೆ ದಾಟಿಸೋದರಲ್ಲಿ ಪಾಲು ಪಡೆಯಿತು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಅರ್ಥ ಮಾಡಿಕೊಂಡ ರೀತಿ ನನಗಿಂತ ಚೆನ್ನಾಗಿತ್ತು. "ಲೇತ್‌ನಲ್ಲಿ ಜಾಬ್ ತಿರುಗುತ್ತೆ, ಟೂಲ್ ನಿಂತಿರುತ್ತೆ. ಇದ್ರಲ್ಲಿ ಜಾಬ್ ನಿಂತಿರುತ್ತೆ, ಟೂಲೇ ಸುತ್ತುತ್ತೆ. ಅಷ್ಟೇ ತಾನೇ?" ಅಷ್ಟೇ :)

ಈಗ

ನನ್ನ ಡಾಕ್ಟರು ಎಕ್ಸ್‌ರೇ ಬೇಡ ಅಂದದ್ದು ಯಾಕೆ ಅಂತ ಈಗ ಗೊತ್ತಾಯ್ತು. ಅಪಾಯದ ಗುರುತುಗಳಿಲ್ಲದ ಸೊಂಟ ನೋವು ಬಹಳ ಜನಕ್ಕೆ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತೆ, ಚಿತ್ರ ತೆಗೆಸಿದರೆ ಬೇಗ ವಾಸಿಯಾಗೋದಿಲ್ಲ. ಸೊಂಟದ ಎಕ್ಸ್‌ರೇ ಒಂದು ಸಲಕ್ಕೆ ಸುಮಾರು 1.5 ಮಿಲಿಸೀವರ್ಟ್ ವಿಕಿರಣ ಕೊಡುತ್ತೆ. ನೆಲ, ಗಾಳಿ, ಆಕಾಶದಿಂದ ನಮಗೆ ಏಳೆಂಟು ತಿಂಗಳಲ್ಲಿ ಸಿಗುವಷ್ಟು. ಗಾಬರಿಯಾಗೋ ಮಟ್ಟದ್ದಲ್ಲ, ಸುಮ್ಮಸುಮ್ಮನೆ ತೆಗೆಸಿಕೊಳ್ಳೋವಂಥದ್ದೂ ಅಲ್ಲ. ಇದೇ ಕಾರಣಕ್ಕೆ ಅಪ್ಪನಿಗೆ ತೆಗೆದಂಥ ಓರೆ ಫಿಲ್ಮುಗಳನ್ನು ಈಗ ಹಲವು ಕಡೆ ಮಾಮೂಲಾಗಿ ತೆಗೆಯೋದಿಲ್ಲ. ನಿಜವಾಗಿ ಬೇಕಿದ್ದರೆ ಸಿ.ಟಿ., ಎಂ.ಆರ್.ಐ. ಇವೆ.

ಓದುತ್ತಾ ಇನ್ನೊಂದು ವಿಷಯ ಸಿಕ್ಕಿತು. ಅದೇ ನನ್ನನ್ನು ಈ ಬರಹ ಬರೆಯೋ ಹಾಗೆ ಮಾಡಿದ್ದು. ಅಪ್ಪನಿಗಿದ್ದಂಥ ಬಿರುಕು ನೂರು ಜನರಲ್ಲಿ ಸುಮಾರು ಐದಾರು ಜನಕ್ಕೆ ಇರುತ್ತಂತೆ. ಬಹಳ ಸಲ ಚಿಕ್ಕ ವಯಸ್ಸಿನಲ್ಲೇ ಆಗಿರುತ್ತೆ. ಅವರಲ್ಲಿ ಎಷ್ಟೋ ಜನಕ್ಕೆ ಜೀವಮಾನದಲ್ಲಿ ನೋವೇ ಬರೋದಿಲ್ಲ. ಅಂದರೆ ಆ ಕಪ್ಪು ಗೆರೆಯೇ ಅಪ್ಪನ ನೋವಿಗೆ ಕಾರಣ ಅಂತ ಆಣೆ ಮಾಡಿ ಹೇಳೋಕಾಗಲ್ಲ!

ಆದರೆ 2008ರಲ್ಲಿ ನಮ್ಮ ಮನೆಯಲ್ಲಿ ಏನಾಯ್ತು ಗೊತ್ತಾ? ಆ ಫಿಲ್ಮು ಬಂದ ದಿನದಿಂದ ಎಲ್ಲರೂ ಬದಲಾದರು. ಓನರ್ ರಜೆ ಕೊಟ್ಟರು, ಆಮೇಲೆ ಲೇತ್ ಬಿಡಿಸಿ ಕೂತು ಮಾಡೋ ಕೆಲಸ ಕೊಟ್ಟರು. ನೆಂಟರು ಹಣ್ಣು ತಂದರು. ಅಮ್ಮ ಬಿಸಿನೀರು ಕಾಯಿಸಿ ಕೊಟ್ಟಳು. ನಾನು ಬಿಂದಿಗೆ ಎತ್ತಿದೆ. ಬೆಲ್ಟು, ವ್ಯಾಯಾಮ, ಆ ರಜೆ ಎಲ್ಲಾ ಸೇರಿ ವರ್ಷದೊಳಗೆ ಅಪ್ಪ ಸುಧಾರಿಸಿಕೊಂಡರು. ಆ ಎರಡು ತಿಂಗಳು ಅವರು ಹೇಳಿದ್ದೂ ಆ ಫಿಲ್ಮು ಹೇಳಿದ್ದೂ ಒಂದೇ, ನೋಯ್ತಿದೆ ಅಂತ. ನಾವು ಫಿಲ್ಮಿನ ಮಾತು ಕೇಳಿದೆವು.

ಮೊನ್ನೆ ಕಿಟಕಿಯ ಹತ್ತಿರ ನಾಯಿ ತೋರಿಸಿದ ಮೇಲೆ, ಇಷ್ಟು ವರ್ಷದ ಮೇಲೆ, ಅಪ್ಪನಿಗೆ ಹೇಳಿದೆ. ಅವತ್ತು ಬಿಂದಿಗೆ ವಿಷಯದಲ್ಲಿ ಹಾಗೆ ಅಂದುಬಿಟ್ಟೆ, ತಪ್ಪಾಯ್ತು ಅಂತ. ಅವರಿಗೆ ಮರೆತುಹೋಗಿರುತ್ತೆ ಅಂದುಕೊಂಡಿದ್ದೆ. ಮರೆತಿರಲಿಲ್ಲ. ಫಿಲ್ಮನ್ನು ಕವರಿಗೆ ಹಾಕುತ್ತಾ, "ನೋವು ಫಿಲ್ಮು ಬರೋಕ್ ಮುಂಚೇನೂ ಇತ್ತು ಕಣೋ" ಅಂದರು ಅಷ್ಟೇ. ಆಮೇಲೆ "ನಿಂಗೆ ಈಗ ಹೆಂಗಿದೆ? ಕೂತು ಕೂತು ಸೊಂಟ ಬಿದ್ದೋಗುತ್ತೆ, ಬಾ ಒಂದು ರೌಂಡ್ ಹೋಗ್ಬರೋಣ" ಅಂದರು. ಹಂಪಿನಗರದ ಲೈಬ್ರರಿ ತನಕ ನಡೆದು ವಾಪಸ್ ಬಂದೆವು. ನನಗೆ ದಾರಿಯಲ್ಲಿ ಒಂದು ಸಲ ನಿಲ್ಲಬೇಕಾಯ್ತು. ಅವರು ಕೇಳದೆಯೇ ನಿಂತರು.

ನಿಮ್ಮ ಮನೆಯ ಬೀರುವಿನ ಮೇಲೂ ಇಂಥ ಕಂದು ಕವರ್ ಇದ್ದರೆ ಒಂದು ಸಲ ಇಳಿಸಿ, ಕಿಟಕಿಗೆ ಹಿಡಿದು ನೋಡಿ. ಓರೆ ಫಿಲ್ಮು ಇದ್ದರೆ ನಾಯಿ ಹುಡುಕಿ. ಯಾರ ಫಿಲ್ಮೋ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆವಾಗ ಹೇಗಿತ್ತು ಅಂತ ಕೇಳಿ.